ಇಬ್ಬನಿ ನೋಡಿದ ದಾರಿ

ನಮ್ಮೂರಿನಲ್ಲಿ ಭೂಗೋಳದ ಮೇಷ್ಟ್ರಾಗಿರುವುದಕ್ಕಿಂತ ನಗೆಪಾಟಲಿನ ಕೆಲಸ ಇನ್ನೊಂದಿಲ್ಲ. ಆ ಕೆಲಸ ಮಾಡುತ್ತಿರುವವನು ನಾನೇ. ತರಗತಿಯ ಗೋಡೆಗೆ ಊರಿನ ಸುತ್ತಮುತ್ತಲಿನ ನಕ್ಷೆ ಹಾಕಿರಬೇಕು ಎಂದು ಮೇಲಿನವರು ಪ್ರತಿ ವರ್ಷ ಜ್ಞಾಪಿಸುತ್ತಾರೆ. ನಾನು ಪ್ರತಿ ವರ್ಷ ಒಂದು ಖಾಲಿ ಹಾಳೆಗೆ ಚೌಕಟ್ಟು ಹಾಕಿಸಿ ತೂಗುಹಾಕುತ್ತೇನೆ. ಅದರ ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ ಒಂದಿದೆ, ಅದೂ ಅಂದಾಜಿನ ಮೇಲೆ ಬರೆದದ್ದು. ಹುಡುಗರು ಪರೀಕ್ಷೆಯಲ್ಲಿ ಆ ನಕ್ಷೆಯನ್ನು ತಪ್ಪಿಲ್ಲದೆ ಬರೆದು ಪೂರ್ತಿ ಅಂಕ ತೆಗೆದುಕೊಳ್ಳುತ್ತಾರೆ.

ನಮ್ಮ ದಾರಿಗಳ ಸ್ವಭಾವವೇ ಹಾಗೆ, ನಕ್ಷೆಗೆ ಒಗ್ಗುವಂಥವಲ್ಲ. ಊರಾಚೆಯ ಹುಣಸೆ ತೋಪು ದಾಟಿದ ಮೇಲೆ, ಗಾಡಿಯಲ್ಲಿ ಯಾರಾದರೊಬ್ಬರು ಹಿಂದಕ್ಕೆ ಮುಖ ಮಾಡಿ ಕೂತು ಬಿಟ್ಟುಬಂದ ದಾರಿಯನ್ನು ನೋಡುತ್ತಿರಬೇಕು. ನೋಡಿದ ದಾರಿ ಉಳಿಯುತ್ತದೆ, ವಾಪಸು ಬರುವಾಗ ಸಿಗುತ್ತದೆ. ಯಾರೂ ನೋಡದಿದ್ದರೆ ಉಳಿಯುವುದಿಲ್ಲ. ಡ್ರೈವರು ಕನ್ನಡಿಯಲ್ಲಿ ಆಗಾಗ ಕಣ್ಣು ಹಾಯಿಸಿದರೆ ಅದು ಲೆಕ್ಕಕ್ಕಿಲ್ಲ. ಹೀಗೆ ನೋಡುವವರನ್ನು ನಾವು ಹಿಂದಾಳು ಎನ್ನುತ್ತೇವೆ. ನಮ್ಮ ಬಸ್ಸಿನಲ್ಲಿ ಡ್ರೈವರು, ಕಂಡಕ್ಟರು, ಹಿಂದಾಳು ಎಂದು ಮೂರು ಜನ ನೌಕರರಿರುತ್ತಾರೆ. ಸ್ಕೂಟರಿನಲ್ಲಿ ಹೆಂಡತಿ ಗಂಡನ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಾಳೆ. ಜಗಳ ಆಡಿಕೊಂಡು ಹೊರಟವರಿಗೆ ಇದು ಅನುಕೂಲ.

ಇನ್ನೊಂದು ವಿಷಯ. ದಾರಿ ಉಳಿಯುವುದು ಹಿಂದಾಳು ನೋಡಿದ ಹಾಗೆಯೇ. ನನ್ನ ಸೋದರಮಾವನಿಗೆ ಸಕ್ಕರೆ ಕಾಯಿಲೆ. ಅವರನ್ನು ಹಿಂದೆ ಕೂರಿಸಿಕೊಂಡು ಹೋದರೆ ವಾಪಸು ಬರುವಾಗ ದಾರಿಯುದ್ದಕ್ಕೂ ಮಿಠಾಯಿ ಅಂಗಡಿಗಳು ಕಿಕ್ಕಿರಿದಿರುತ್ತವೆ, ಎಲ್ಲವೂ ಬಾಗಿಲು ಹಾಕಿರುತ್ತವೆ. ನನ್ನ ಅಮ್ಮ ಶಾಂತವೀರಮ್ಮ ನೋಡಿದ ದಾರಿಯಲ್ಲಿ ಯಾರ ಮನೆ ಮುಂದೆಯೂ ಸರಿಯಾಗಿ ಕಸ ಗುಡಿಸಿರುವುದಿಲ್ಲ.

ಮಕ್ಕಳಾದರೋ ಹುಟ್ಟು ಹಿಂದಾಳುಗಳು. ಕಾರಿನ ಹಿಂದಿನ ಸೀಟಿನ ಮೇಲೆ ಮಗುವಿನ ಪುಟ್ಟ ಸೀಟನ್ನು ಹಿಂದುಮುಖವಾಗಿ ಕಟ್ಟಿ, ಅದರಲ್ಲಿ ಕೂಸನ್ನು ಬೆಲ್ಟು ಬಿಗಿದು ಕೂರಿಸಿದರೆ ಮುಗಿಯಿತು. ಹಿಂದಿನ ಗಾಜಿನಲ್ಲಿ ಕಂಡದ್ದನ್ನೆಲ್ಲ ಅದು ಬಾಯಿ ಬಿಟ್ಟುಕೊಂಡು ನೋಡುತ್ತದೆ. ನನ್ನ ಮಗಳು ಇಬ್ಬನಿ ಹುಟ್ಟಿದ ಮೇಲೆ ನಾವು ತಿರುಗಿದ್ದೇ ತಿರುಗಿದ್ದು. ಅವಳು ನೋಡಿಟ್ಟ ದಾರಿಯಲ್ಲಿ ನಾಯಿಗಳೆಲ್ಲ ಕರುವಿನಷ್ಟು ಎತ್ತರ ಇರುತ್ತಿದ್ದವು. ಅವಳು ನಿದ್ದೆ ಹೋಗಿದ್ದ ಕಡೆ ರಸ್ತೆ ಹಾಸಿಗೆಯ ಹಾಗೆ ಮೆತ್ತಗಾಗಿರುತ್ತಿತ್ತು, ಗಾಡಿಯನ್ನು ನಿಧಾನಕ್ಕೆ ಬಿಡಬೇಕಾಗುತ್ತಿತ್ತು. ಏನೇ ಆದರೂ ಮನೆಗೆ ಬಂದು ಸೇರುತ್ತಿದ್ದೆವು.

ಆದರೆ ನಮ್ಮಲ್ಲಿ ಮಗುವಿಗೆ ವರ್ಷ ತುಂಬಿತು ಎಂದರೆ ಮೊಗ ತಿರುಗಿಸುವ ಶಾಸ್ತ್ರ ಮಾಡಿಬಿಡುತ್ತಾರೆ. ಅವತ್ತು ಕೂಸು ಹಿಂದುಮುಖವಾಗಿ ಕೂತು ಕೋಡಿಕೆರೆಯವರೆಗೆ ಕೊನೆಯ ಸಲ ದಾರಿ ನೋಡುತ್ತದೆ. ಕೆರೆಯ ಏರಿಯ ಮೇಲೆ ಸೋದರಮಾವ ಸೀಟು ಬಿಚ್ಚಿ ಮುಂದಕ್ಕೆ ತಿರುಗಿಸಿ ಕಟ್ಟುತ್ತಾನೆ. ಆರತಿ ಆಗುತ್ತದೆ, ಹೋಳಿಗೆ ಊಟ ಆಗುತ್ತದೆ. ಆಮೇಲೆ ಕೂಸು ತಾನೇ ನೋಡಿಟ್ಟ ದಾರಿಯನ್ನು ಎದುರಿನಿಂದ ನೋಡುತ್ತಾ ಮನೆಗೆ ಬರುತ್ತದೆ. ಹೋಗುವಾಗಲೂ ಬರುವಾಗಲೂ ಅದರ ಪಕ್ಕದಲ್ಲಿ ಕುಂಬಳಕೂಸು ಇರಬೇಕು. ಒಂದು ಅಕ್ಕಿ ಚೀಲ ಅದರ ಮೈ, ಒಂದು ಬೂದುಗುಂಬಳ ಅದರ ತಲೆ. ಕಾಡಿಗೆಯಲ್ಲಿ ಕಣ್ಣು ಬರೆದು, ಕುಂಕುಮ ಇಟ್ಟು, ಕುಲಾವಿ ತೊಡಿಸಿ, ಮುಂದಕ್ಕೆ ಮುಖ ಮಾಡಿಸಿ ಬೆಲ್ಟು ಹಾಕಿ ಕೂರಿಸುತ್ತಾರೆ. ಹೀಗೆ ಕೂರಬೇಕು ಎಂದು ಕೂಸಿಗೆ ತೋರಿಸಿಕೊಡುವುದಕ್ಕಂತೆ. ಮನೆಗೆ ಬಂದ ಮೇಲೆ ಕುಂಬಳ ಮಜ್ಜಿಗೆ ಹುಳಿಗೆ ಹೋಗುತ್ತದೆ. ನೆಂಟರೆಲ್ಲ ಕೂತು ಅದರ ತಲೆಯನ್ನು ಚಪ್ಪರಿಸಿಕೊಂಡು ತಿನ್ನುತ್ತಾರೆ. ಇದರಲ್ಲಿ ಯೋಚಿಸುವಂಥದ್ದೇನಾದರೂ ಇದೆಯೆಂದು ನನಗಂತೂ ಹೊಳೆದಿರಲಿಲ್ಲ.

ಇಬ್ಬನಿಗೆ ವರ್ಷ ದಾಟಿ ಮೇಲೆ ಎರಡು ತಿಂಗಳಾಗಿತ್ತು, ಇನ್ನೂ ಶಾಸ್ತ್ರ ಆಗಿರಲಿಲ್ಲ. ಅದಕ್ಕೆ ಕಾರಣ ನನ್ನ ಹೆಂಡತಿ ಸುಗುಣ. ಚುಚ್ಚುಮದ್ದಿಗೆ ಹೋದಾಗ ಡಾಕ್ಟರಮ್ಮ ಅವಳಿಗೆ, ಮಕ್ಕಳ ಕತ್ತು ಎಳೆಯದು, ತಲೆ ಭಾರ, ಆ ಸೀಟಿನಲ್ಲಿ ಹಿಡಿಸುವಷ್ಟು ದಿನವೂ ಹಿಂದುಮುಖವಾಗಿಯೇ ಕೂರಿಸಿ ಎಂದು ಹೇಳಿದ್ದರು. ಸೀಟಿನ ಪಕ್ಕಕ್ಕೆ ಅಂಟಿಸಿದ ಚೀಟಿಯಲ್ಲೂ ಎಷ್ಟು ತೂಕ, ಎಷ್ಟು ಎತ್ತರದವರೆಗೆ ಎಂದು ಬರೆದಿತ್ತು. ಆ ಸೀಟನ್ನು ಊರೆಲ್ಲ ಹುಡುಕಿ, ಹತ್ತು ಜನರಿಗೆ ತೋರಿಸಿ, ಜಂಬ ಕೊಚ್ಚಿಕೊಂಡು ತಂದವನು ನಾನು. ಚೀಟಿ ಓದಿದವಳು ಅವಳು.

"ಇನ್ನೂ ಒಂದೆರಡು ವರ್ಷ ಬರುತ್ತೆ ರೀ ಇದು. ಅವಸರ ಯಾಕೆ?" ಎಂದಳು.

ಅವಸರ ನನಗಿರಲಿಲ್ಲ, ನನ್ನ ಸುತ್ತ ಇತ್ತು. ಮೊದಲನೆಯದಾಗಿ ನನ್ನ ಷಡ್ಡಕ ರುದ್ರಮುನಿ. ಸುಗುಣಳ ಅಕ್ಕ ಸುಲೋಚನಳ ಗಂಡ. ಅವರ ಮಗ ಚೇತು ನಮ್ಮ ಇಬ್ಬನಿಗಿಂತ ಒಂದು ವಾರ ಚಿಕ್ಕವನು. ಹುಟ್ಟುಹಬ್ಬದ ದಿನವೇ ಅವನ ಮೊಗ ತಿರುಗಿಸಿ, ಊರಿಗೆಲ್ಲ ಹೋಳಿಗೆ ಹಂಚಿದ್ದರು. ಅವತ್ತಿನಿಂದ ನಾನು ಎಲ್ಲಿ ಸಿಕ್ಕಿದರೂ ಅವರದು ಒಂದೇ ಪ್ರಶ್ನೆ.

"ಏನ್ರೀ ಮೇಷ್ಟ್ರೇ, ಮಗಳಿಗೆ ಇನ್ನೂ ಹಿಂದಿನ ಪಾಠಾನೇ ನಡೀತಿದೆಯಾ? ನಮ್ಮ ಚೇತು ಆಗಲೇ ಮುಂದೆ ನೋಡ್ತಾ ಟ್ರಾಫಿಕ್ ಪೊಲೀಸಿಗೆ ಟಾಟಾ ಮಾಡ್ತಾನೆ."

ಎರಡನೆಯದು ಅಮ್ಮ. ಮೊಮ್ಮಗಳು ಸೀಟಿನಲ್ಲಿ ಕಾಲು ಮಡಚಿಕೊಂಡು ಕೂರುವುದು ಅವಳಿಗೆ ಸಂಕಟ. "ಕಪ್ಪೆ ಕೂತ ಹಂಗೆ ಕೂತಿರುತ್ತೆ ಕೂಸು. ನಾಳೆ ಕಾಲು ಸೊಟ್ಟ ಆದ್ರೆ ಯಾರು ಕಟ್ಕೋತಾರೆ?" ಎನ್ನುತ್ತಿದ್ದಳು. ಹದಿನಾಲ್ಕು ತಿಂಗಳ ಕೂಸಿನ ಮದುವೆಯ ಚಿಂತೆ ಅವಳಿಗೆ. ಇಬ್ಬನಿಯಾದರೋ ಮಡಚಿದ ಕಾಲಿನ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡು ಪರಮಸುಖದಲ್ಲಿರುತ್ತಿದ್ದಳು.

ಮೂರನೆಯದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹದಿನಾಲ್ಕು ತಿಂಗಳಿಂದ ನಾನು ಆ ಕಾರು ಓಡಿಸುತ್ತಿದ್ದೆ. ಹಿಂದೆ ಸುಗುಣ ಮಗಳ ಪಕ್ಕದಲ್ಲಿ ಕೂತು ಹಾಡು ಹೇಳುತ್ತಾಳೆ, ಬಿಸ್ಕತ್ತು ಕೊಡುತ್ತಾಳೆ, ಇಬ್ಬರೂ ಏನೋ ಮಾತಾಡಿಕೊಂಡು ನಗುತ್ತಾರೆ. ನನಗೆ ಕಾಣುವುದು ಸೀಟಿನ ಬೆನ್ನು ಮಾತ್ರ. ಬೂದು ಬಣ್ಣದ ಪ್ಲಾಸ್ಟಿಕ್ಕು. ನಾನು ಅದರ ಜೊತೆ ಮಾತಾಡಿದ್ದೇನೆ, ಅದಕ್ಕೆ ಪದ್ಯ ಹೇಳಿದ್ದೇನೆ. ಮಗಳು ದಾರಿಯಲ್ಲಿ ಕಂಡ ನಾಯಿಗಳನ್ನೆಲ್ಲ ನೆನಪಿಟ್ಟಿದ್ದಳು, ಗಾಡಿ ಓಡಿಸುವವನು ಯಾರು ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ. ನಾಯಿಗಳ ಮೇಲೆ ಹೊಟ್ಟೆಕಿಚ್ಚು ಪಡುವ ಸ್ಥಿತಿಗೆ ಬಂದಿದ್ದೆ. ಅವಳು ಒಮ್ಮೆ ಮುಂದಕ್ಕೆ ತಿರುಗಿದರೆ ನನ್ನ ಬುರುಡೆಯ ಹಿಂಭಾಗವಾದರೂ ಅವಳಿಗೆ ಕಾಣುತ್ತಲ್ಲ ಎಂಬ ಆಸೆ.

ಇಷ್ಟೆಲ್ಲ ಒಳಗಿಟ್ಟುಕೊಂಡು ನಾನು ಮಾಡಿದ್ದೇನೆಂದರೆ, ಸುಗುಣಳಿಗೆ ಹೇಳದೆ ನೆಂಟರನ್ನು ಕರೆದುಬಿಟ್ಟೆ. ಭಾನುವಾರ ಕೋಡಿಕೆರೆಯಲ್ಲಿ ಶಾಸ್ತ್ರ ಎಂದು ರುದ್ರಮುನಿಗೆ ಹೇಳಿದೆ. ಸುಗುಣಳ ತಮ್ಮ ಗುರುಬಸವನಿಗೆ, ಸೋದರಮಾವ ನೀನೇ, ಸೀಟು ತಿರುಗಿಸಬೇಕು ಬಾ ಎಂದು ಹೇಳಿದೆ. ಅವನು ಅದೇ ಸಂಜೆ ಅಕ್ಕನಿಗೆ ಫೋನು ಮಾಡಿ, ಮಗುವಿಗೆ ಬಟ್ಟೆ ಯಾವ ಬಣ್ಣದ್ದು ತರಲಿ ಎಂದು ಕೇಳಿದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಸುಗುಣಳ ಮುಖ ನೋಡುತ್ತಿದ್ದೆ. ಅಲ್ಲಿಂದ ಓಡಿಹೋಗಲು ಒಂದು ದಾರಿ ಇತ್ತು, ಆದರೆ ಹಿಂದಾಳು ಯಾರೂ ಇರಲಿಲ್ಲ.

ಅವಳು ಕೂಗಾಡಲಿಲ್ಲ. ಫೋನಿಟ್ಟು ಚಪಾತಿ ಲಟ್ಟಿಸುವುದನ್ನು ಮುಂದುವರಿಸಿದಳು. ಸ್ವಲ್ಪ ಹೊತ್ತಾದ ಮೇಲೆ, "ಯಾಕೆ ಇಷ್ಟು ಹಟ ನಿಮಗೆ? ರುದ್ರಮುನಿ ಭಾವ ಆಡ್ಕೋತಾರೆ ಅಂತಾನಾ?" ಎಂದು ಕೇಳಿದಳು.

"ಅಮ್ಮ ಬೇಜಾರು ಮಾಡ್ಕೋತಾಳೆ," ಎಂದೆ.

"ಅತ್ತೆ ಹೆಸರು ಹೇಳ್ಬೇಡಿ. ನಿಮ್ಮದೇನು, ಅದು ಹೇಳಿ."

ನಾನು ಚಪಾತಿ ಹಿಟ್ಟಿನ ಕಡೆ ನೋಡುತ್ತಾ ಹೇಳಿಬಿಟ್ಟೆ. ಕಾರಿನಲ್ಲಿ ಇಬ್ಬನಿ ನನ್ನ ಮುಖ ನೋಡುವುದೇ ಇಲ್ಲ, ನಾನು ಪ್ಲಾಸ್ಟಿಕ್ಕಿಗೆ ಪದ್ಯ ಹೇಳುತ್ತೇನೆ ಎಂದೆ. ಹೇಳಿದ ಮೇಲೆ ಅದು ಎಷ್ಟು ಸಣ್ಣ ವಿಷಯ ಎಂದು ನನಗೇ ನಾಚಿಕೆಯಾಯಿತು. ಸುಗುಣ ನಗಲಿಲ್ಲ. ಲಟ್ಟಣಿಗೆ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ನೆಂಟರನ್ನ ಕರೆದಾಗಿದೆ, ಹೋಗೋಣ. ಆದ್ರೆ ನಂಗೆ ಇಷ್ಟ ಇಲ್ಲ ಅಂತ ಇವತ್ತೂ ಹೇಳ್ತೀನಿ, ಕೆರೆ ಹತ್ರ ಗುರು ಸೀಟಿಗೆ ಕೈ ಹಾಕಿದಾಗಲೂ ಹೇಳ್ತೀನಿ. ಅವತ್ತು ಎಲ್ಲರ ಮುಂದೆ ತಿರುಗಿಸು ಅನ್ನೋರು ನೀವೇ ಆಗ್ಬೇಕು, ಬೇಡ ಅನ್ನೋರೂ ನೀವೇ," ಎಂದಳು.

ಬೈದಿದ್ದರೆ ಚೆನ್ನಾಗಿತ್ತು. ಬೈಸಿಕೊಂಡು ಅಭ್ಯಾಸ ಇರುವವನು ನಾನು, ತೀರ್ಮಾನ ಮಾಡಿ ಅಭ್ಯಾಸ ಇರುವವನಲ್ಲ.

ಭಾನುವಾರ ಬೆಳಿಗ್ಗೆ ಅಮ್ಮ ಕುಂಬಳಕೂಸನ್ನು ಸಿಂಗರಿಸಿದಳು. ಹಳೆಯ ಸೀರೆಯ ಅಂಚು ಹರಿದು ತಲೆಯನ್ನು ಅಕ್ಕಿ ಚೀಲಕ್ಕೆ ಬಿಗಿದು ಕಟ್ಟಿದಳು. ಕಣ್ಣು ದೊಡ್ಡದಾಗಿ ಬರೆದಳು, ಬಾಯಿಗೆ ಕುಂಕುಮದಲ್ಲಿ ಸಣ್ಣದೊಂದು ನಗು ಬರೆದಳು. ಎಷ್ಟು ಮುದ್ದಾಗಿತ್ತೆಂದರೆ, ಇಬ್ಬನಿ ಅದನ್ನು ನೋಡಿ ತನ್ನ ಬಿಸ್ಕತ್ತನ್ನು ಅದರ ಬಾಯಿಗೆ ಒತ್ತಿದಳು. ಹಿಂದಿನ ಸೀಟಿನ ಎಡಕ್ಕೆ ಇಬ್ಬನಿ, ನಡುವೆ ಕುಂಬಳಕೂಸು, ಬಲಕ್ಕೆ ಸುಗುಣ. ಅಮ್ಮ ಮುಂದೆ ನನ್ನ ಪಕ್ಕದಲ್ಲಿ, ತೊಡೆಯ ಮೇಲೆ ಹೋಳಿಗೆ ಡಬ್ಬಿ ಇಟ್ಟುಕೊಂಡು ಕೂತಳು.

ಹೊರಡುವ ಮುಂಚೆ ಸುಗುಣ ತನ್ನ ಚೀಲದಿಂದ ಆಟದ ಸಾಮಾನಿನ ಅಂಗಡಿಯ ಒಂದು ದುಂಡನೆಯ ಕನ್ನಡಿ ತೆಗೆದಳು. ಒಡೆಯದಂಥದ್ದು, ಅಂಚಿಗೆ ಮೆತ್ತನೆ ಬಟ್ಟೆ ಸುತ್ತಿದ್ದು. ಅದನ್ನು ಇಬ್ಬನಿಯ ಎದುರಿಗೆ, ಕಾರಿನ ಹಿಂಬದಿ ಸೀಟಿನ ತಲೆಯ ಜಾಗಕ್ಕೆ ಅಲುಗಾಡದ ಹಾಗೆ ಕಟ್ಟಿದಳು.

"ಈಗ ನಿಮ್ಮ ಕನ್ನಡೀಲಿ ನೋಡಿ," ಎಂದಳು.

ನೋಡಿದೆ. ನನ್ನ ಕನ್ನಡಿಯಲ್ಲಿ ಆ ದುಂಡು ಕನ್ನಡಿ, ಆ ದುಂಡು ಕನ್ನಡಿಯಲ್ಲಿ ನನ್ನ ಮಗಳು. ಮೇಲಿನ ಎರಡು ಹಲ್ಲು, ಕೆಳಗಿನ ಎರಡು ಹಲ್ಲು, ಬಿಸ್ಕತ್ತಿನ ಪುಡಿ. ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು. ನಾನು ಒಂದು ಹುಬ್ಬು ಮೇಲೆತ್ತಿದೆ. ಅವಳಿಗೆ ಆಶ್ಚರ್ಯವಾಗಿ ಬಿಸ್ಕತ್ತು ಕೆಳಗೆ ಬಿತ್ತು.

"ಅಯ್ಯೋ, ಕನ್ನಡಿ ನೋಡ್ತಾ ಕೂತ್ರೆ ದಾರಿ ಯಾರು ನೋಡೋರು? ವಾಪಸ್ ಬರೋದು ಹೆಂಗೆ?" ಎಂದಳು ಅಮ್ಮ.

"ಸುತ್ತ ಇಷ್ಟಗಲ ಗಾಜಿದೆ ಅತ್ತೆ, ನೋಡ್ತಾಳೆ. ಹೋದ ಸಲ ಅವಳು ನೋಡಿದ್ದಕ್ಕೇ ಅಲ್ವಾ ಆ ನಾಯಿಗಳೆಲ್ಲ ಹಂಗೆ ಬೆಳೆದಿದ್ದು," ಎಂದಳು ಸುಗುಣ. ಆದರೆ ಅವಳಿಗೂ ಪೂರ್ತಿ ಧೈರ್ಯ ಇದ್ದಂತೆ ಕಾಣಲಿಲ್ಲ.

ಹುಣಸೆ ತೋಪು ದಾಟಿತು. ನಾನು ನಿಧಾನಕ್ಕೇ ಹೋಗುತ್ತಿದ್ದೆ, ಅದೊಂದೇ ಅವತ್ತು ನಾನು ಮಾಡಿದ ಬುದ್ಧಿವಂತಿಕೆ. ಮೊದಲು ಬಲಹುಬ್ಬು ಎತ್ತಿದೆ, ಇಬ್ಬನಿ ನಕ್ಕಳು. ಎಡಹುಬ್ಬು ಎತ್ತಿದೆ, ಕೇಕೆ ಹಾಕಿದಳು. ಎರಡನ್ನೂ ಕುಣಿಸಿದೆ, ಕಾಲು ಬಡಿದಳು. ಕಣ್ಣು ಮುಚ್ಚಿ ತೆಗೆದರೆ ಇನ್ನೂ ಇಷ್ಟಪಡುತ್ತಾಳೇನೋ ಎಂದು ಗಾಡಿ ಓಡಿಸುತ್ತಲೇ ಅದನ್ನೂ ಮಾಡಿದೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ, ಒಂದು ತರಗತಿಯೂ ನನ್ನನ್ನು ಅಷ್ಟು ಗಮನವಿಟ್ಟು ನೋಡಿದ್ದಿಲ್ಲ. ಆ ಸುಖದಲ್ಲಿ ತೇಲುತ್ತಿದ್ದವನಿಗೆ ಎದುರಿನ ಹಳ್ಳದಿಂದ ಒಂದು ಎಮ್ಮೆ ಮೇಲೆ ಹತ್ತಿ ಬರುತ್ತಿರುವುದು ಕಾಣಲಿಲ್ಲ.

"ವೃಷಭಾ," ಎಂದು ಅಮ್ಮ ನನ್ನ ಹೆಸರು ಹಿಡಿದು ಚೀರಿದಳು. ನಾನು ಬ್ರೇಕು ತುಳಿದೆ.

ಗಾಡಿ ಕಿರುಗುಟ್ಟಿಕೊಂಡು ನಿಂತಿತು. ಎಮ್ಮೆ ಬಾನೆಟ್ಟಿನ ಮುಂದೆ ನಿಂತು ಮೆಲುಕು ಹಾಕುತ್ತಿತ್ತು, ಅದಕ್ಕೆ ಏನೂ ಆಗಿರಲಿಲ್ಲ. ಹೋಳಿಗೆ ಡಬ್ಬಿ ಹಾರಿ ಗಾಜಿಗೆ ಬಡಿದಿತ್ತು. ಬೆಲ್ಟು ನನ್ನ ಎದೆಯನ್ನು ಕೊಯ್ದ ಹಾಗೆ ಹಿಡಿದಿತ್ತು. ಹಿಂದಿನಿಂದ ಏನೋ ಭಾರವಾದದ್ದು ಉರುಳಿಕೊಂಡು ಮುಂದಿನ ಎರಡು ಸೀಟುಗಳ ನಡುವಿನಿಂದ ಬಂದು ಅಮ್ಮನ ಪಾದದ ಹತ್ತಿರ ನಿಂತಿತು.

ಕುಂಬಳಕೂಸಿನ ತಲೆ. ಕುಲಾವಿ ಇನ್ನೂ ಇತ್ತು. ಮೈ ಹಿಂದಿನ ಸೀಟಿನಲ್ಲಿ ಬೆಲ್ಟಿನೊಳಗೆ ನೆಟ್ಟಗೆ ಕೂತಿತ್ತು, ಸೀರೆಯಂಚಿನ ಗಂಟು ಕಿತ್ತುಹೋಗಿತ್ತು. ತಲೆ ಮಾತ್ರ ಬಂದಿತ್ತು. ಅಮ್ಮನೇ ಬರೆದ ಆ ದೊಡ್ಡ ಕಣ್ಣು, ಆ ಸಣ್ಣ ನಗು, ಕೆಳಗಿನಿಂದ ಅಮ್ಮನ ಮುಖವನ್ನೇ ನೋಡುತ್ತಿದ್ದವು.

ಆಗ ಹಿಂದಿನಿಂದ ಇಬ್ಬನಿಯ ನಗು ಕೇಳಿಸಿತು. ಅವಳಿಗೆ ಇದೂ ನನ್ನ ಆಟದಲ್ಲೇ ಒಂದು. ಸೀಟು ಅವಳ ಬೆನ್ನು, ಕತ್ತು, ತಲೆ ಎಲ್ಲವನ್ನೂ ಒಟ್ಟಿಗೆ ಹಿಡಿದುಕೊಂಡಿತ್ತು. ಸುಗುಣ ಅವಳ ಕತ್ತನ್ನು, ತಲೆಯ ಹಿಂಭಾಗವನ್ನು ಮತ್ತೆ ಮತ್ತೆ ಮುಟ್ಟಿ ನೋಡಿದಳು. "ಏನೂ ಆಗಿಲ್ಲ. ಏನೂ ಆಗಿಲ್ಲ ರೀ," ಎಂದಳು. ಎಮ್ಮೆ ತನ್ನ ಪಾಡಿಗೆ ರಸ್ತೆ ದಾಟಿತು.

ನಾನು ಗಾಡಿಯನ್ನು ಮತ್ತೆ ಹೊರಡಿಸಿದೆ. ಕನ್ನಡಿಯಲ್ಲಿ ಇಬ್ಬನಿ ಇನ್ನೂ ನನ್ನನ್ನೇ ನೋಡುತ್ತಿದ್ದಳು, ಮುಂದಿನ ಆಟಕ್ಕೆ ಕಾಯುತ್ತಾ. ನನಗೆ ಕಣ್ಣೀರು ಬಂದುಬಿಟ್ಟಿತು. ಅಮ್ಮನಿಗೆ ಕಾಣದ ಹಾಗೆ ಭುಜಕ್ಕೆ ಒರೆಸಿಕೊಂಡೆ, ಮತ್ತೆ ಬಂತು, ಮತ್ತೆ ಒರೆಸಿಕೊಂಡೆ. ಅಮ್ಮ ಬಗ್ಗಿ ಕುಂಬಳವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಅದರ ಕುಲಾವಿ ಸರಿಮಾಡುತ್ತಾ ಕಿಟಕಿಯಾಚೆ ನೋಡುತ್ತಿದ್ದಳು. ಯಾರೂ ಗಮನಿಸಲಿಲ್ಲ ಎಂದುಕೊಂಡೆ.

ಕೆರೆಯ ಏರಿಯ ಮೇಲೆ ಜಮಖಾನ ಹಾಸಿತ್ತು. ರುದ್ರಮುನಿ ಬಿಳಿ ಪಂಚೆಯಲ್ಲಿ ಕೈಕಟ್ಟಿ ನಿಂತಿದ್ದರು. ಸುಲೋಚನ ಆರತಿ ತಟ್ಟೆ ಜೋಡಿಸುತ್ತಿದ್ದಳು, ಚೇತು ಅವಳ ಸೆರಗು ಜಗ್ಗುತ್ತಿದ್ದ. ಗುರುಬಸವ ತೋಳು ಮಡಚಿಕೊಂಡು ನೇರ ಕಾರಿನ ಹತ್ತಿರ ಬಂದ. "ಬಾಗಿಲು ತೆಗೀರಿ ಭಾವ, ಒಂದೇ ನಿಮಿಷದಲ್ಲಿ ತಿರುಗಿಸಿಬಿಡ್ತೀನಿ."

ಸುಗುಣ ಇಳಿದು ಬಾಗಿಲ ಪಕ್ಕದಲ್ಲಿ ನಿಂತಳು. "ನಂಗಿಷ್ಟ ಇಲ್ಲ," ಎಂದಳು, ಹೇಳಿದ್ದಂತೆಯೇ. ಎಲ್ಲರೂ ನನ್ನ ಕಡೆ ನೋಡಿದರು.

ನಾನು ಗಂಟಲು ಸರಿಮಾಡಿಕೊಂಡೆ. ಒಂದು ಒಳ್ಳೆಯ ಭಾಷಣ ಮಾಡಬೇಕೆಂದುಕೊಂಡೆ. ಕತ್ತಿನ ಮೂಳೆ, ವೇಗ, ಭಾರ ಎಂದೆಲ್ಲ ವಿವರಿಸುವವನೇ ಇದ್ದೆ. ಬಾಯಿಂದ ಬಂದದ್ದು, "ಇವತ್ತು ಬೇಡ ಗುರು," ಎಂಬ ಮೂರು ಪದ.

"ಇವತ್ತು ಬೇಡ ಅಂದ್ರೆ? ಮುಂದಿನ ವಾರಾನಾ?" ಎಂದ ಗುರುಬಸವ.

"ಮುಂದಿನ ವಾರಾನೂ ಬೇಡ. ಆ ಸೀಟು ಅವಳಿಗೆ ಸಾಲದೇ ಹೋಗೋವರೆಗೂ ಬೇಡ."

ರುದ್ರಮುನಿ ನಕ್ಕರು. "ಮೇಷ್ಟ್ರು ಹೆಂಡ್ತಿ ಮಾತು ಮೀರೋದಿಲ್ಲ ಬಿಡ್ರಪ್ಪ. ಹೋಳಿಗೆ ಆದ್ರೂ ಇದೆಯೋ, ಅದೂ ಮುಂದಿನ ವರ್ಷಾನೋ?"

ಆಗ ಅಮ್ಮ ಕಾರಿನಿಂದ ಇಳಿದಳು. ಎರಡೂ ಕೈಯಲ್ಲಿ ಕುಂಬಳಕೂಸಿನ ತಲೆ ಹಿಡಿದುಕೊಂಡಿದ್ದಳು. ನೇರ ರುದ್ರಮುನಿಯ ಹತ್ತಿರ ಹೋಗಿ ಅದನ್ನು ಅವರ ಕೈಗಿಟ್ಟಳು. ಅವರು ಏನೆಂದು ತಿಳಿಯದೆ ಹಿಡಿದುಕೊಂಡರು.

"ದಾರೀಲಿ ಎಮ್ಮೆ ಅಡ್ಡ ಬಂತು. ಇದರ ಮೈ ಹಿಂದೇನೇ ಕೂತಿದೆ, ತಲೆ ನನ್ನ ಕಾಲ ಹತ್ರ ಬಂತು. ನಾನೇ ಬಿಗಿಯಾಗಿ ಕಟ್ಟಿದ್ದೆ," ಎಂದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ತಿರುಗಿಸಿ ತಿರುಗಿಸಿ ಅಂತ ಇಷ್ಟು ದಿನ ಪ್ರಾಣ ತಿಂದೋಳು ನಾನು. ಕೂಸಿನ ಕಾಲು ಮಡಚಿದ್ರೆ ಮಡಚಲಿ. ಊಟಕ್ಕೆ ಕೂತ್ಕೊಳ್ಳಿ," ಎಂದಳು.

ಹೋಳಿಗೆ ಪುಡಿಯಾಗಿದ್ದವು. ತುಪ್ಪ ಹಾಕಿಕೊಂಡು ಚಮಚದಲ್ಲಿ ತಿಂದೆವು. ರುದ್ರಮುನಿ ಊಟದ ಹೊತ್ತಿನಲ್ಲಿ ಮತ್ತೆ ಮತ್ತೆ ಕುಂಬಳದ ಕಡೆ ನೋಡುತ್ತಿದ್ದರು. ಕುಂಬಳದ ತಲೆ ಅವರ ಪಕ್ಕದಲ್ಲಿ ಜಮಖಾನದ ಮೇಲಿತ್ತು, ಚೇತು ಅದರ ಕುಲಾವಿಯನ್ನು ತಾನು ಹಾಕಿಕೊಂಡು ಓಡಾಡುತ್ತಿದ್ದ. ನಾನು ಕೈ ತೊಳೆಯಲು ಹೋದಾಗ ಅವರು ತಮ್ಮ ಕಾರಿನ ಹಿಂಬಾಗಿಲಲ್ಲಿ ಮಂಡಿಯೂರಿ ಕೂತು ಮಗನ ಸೀಟಿನ ಬೆಲ್ಟುಗಳ ಜೊತೆ ಗುದ್ದಾಡುತ್ತಿದ್ದರು. ಸುಲೋಚನ ಪಕ್ಕದಲ್ಲಿ ನಿಂತಿದ್ದಳು.

"ಮೇಷ್ಟ್ರೇ, ಇದನ್ನ ಹಿಂದಕ್ಕೆ ತಿರುಗಿಸಿ ಕಟ್ಟೋದು ಹೆಂಗೆ? ಮರ್ತೇಹೋಗಿದೆ," ಎಂದು ತಲೆಯೆತ್ತದೆ ಕೇಳಿದರು.

ನನಗೂ ಬರುವುದಿಲ್ಲ ಎಂದು ಒಪ್ಪಿಕೊಂಡೆ. ಸುಗುಣಳನ್ನು ಕರೆದೆವು. ಅವಳು ಅವರ ಸೀಟಿನ ಚೀಟಿಯನ್ನೂ ಓದಿ, ಇದು ಚೇತುವಿಗೆ ಇನ್ನೂ ಬಹಳ ದಿನ ಬರುತ್ತದೆ ಭಾವ ಎಂದು ಹೇಳಿ, ಕಟ್ಟಿಕೊಟ್ಟಳು. ಅವಳು ಕಟ್ಟುವಾಗ ನಾವಿಬ್ಬರು ಗಂಡಸರು ಪಕ್ಕದಲ್ಲಿ ನಿಂತು ತಲೆದೂಗಿದೆವು.

ಹೊರಡುವ ಹೊತ್ತಿಗೆ ನನಗೆ ಬೇರೆಯದೇ ಭಯ ಶುರುವಾಗಿತ್ತು. ಇಬ್ಬನಿ ಬರುವ ದಾರಿಯಲ್ಲೆಲ್ಲ ಕನ್ನಡಿ ನೋಡಿದ್ದಳು. ಗಾಜಿನಾಚೆ ಒಮ್ಮೆಯಾದರೂ ನೋಡಿದ್ದನ್ನು ನಾನು ಕಂಡಿರಲಿಲ್ಲ. ಏರಿ ಇಳಿದು ತಿರುವಿಗೆ ಬಂದರೆ ಅಲ್ಲಿ ದಾರಿ ಇರುತ್ತದೋ ಇಲ್ಲವೋ. ದಾರಿ ಸಿಗದೇ ಹೋದವರ ಕಥೆಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ಅಲೆದಲೆದು ಮನೆಗೆ ಬಂದು ಸೇರುವಷ್ಟರಲ್ಲಿ ಅವರಿಗೆ ತಮ್ಮ ಮನೆಯ ಬಣ್ಣ ಮರೆತುಹೋಗಿರುತ್ತಿತ್ತು. ಅಮ್ಮ ಸೆರಗು ಬಿಗಿಮಾಡಿಕೊಂಡಳು. ಸುಗುಣ ಇಬ್ಬನಿಯ ಪಾದ ಹಿಡಿದುಕೊಂಡು ಕೂತಳು. ಇಬ್ಬನಿ ಆಗಲೇ ನಿದ್ದೆ ಹೋಗಿದ್ದಳು.

ತಿರುವು ಬಂತು. ದಾರಿ ಇತ್ತು.

ನನಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ನಾಯಿಗಳಿರಲಿಲ್ಲ, ಮರಗಳಿರಲಿಲ್ಲ, ಮನೆಗಳೂ ಇರಲಿಲ್ಲ. ಎರಡೂ ಬದಿಗೆ ಮೈಲಿಗಲ್ಲುಗಳು ಮಾತ್ರ, ಒತ್ತೊತ್ತಾಗಿ. ಒಂದೊಂದೂ ಮೇಲೆ ನುಣ್ಣಗೆ ಬೋಳಾಗಿತ್ತು, ಕೆಳಗೆ ಎರಡು ದಪ್ಪ ಹುಬ್ಬು, ಎರಡು ಕಣ್ಣು, ಮೂಗಿನ ಅರ್ಧ. ಅಲ್ಲಿಗೆ ನೆಲ. ಕಾರಿನ ಕನ್ನಡಿಯಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟು.

"ಇದು ನೀನು ಕಣೋ," ಎಂದಳು ಅಮ್ಮ.

ನಾನೇ. ನನ್ನ ತಲೆ ಅಷ್ಟೊಂದು ಬೋಳಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಬಿಸಿಲಿಗೆ ಹೊಳೆಯುತ್ತಿತ್ತು. ಹದಿನಾಲ್ಕು ತಿಂಗಳು ನಾಯಿಗಳ ಮೇಲೆ ಹೊಟ್ಟೆಕಿಚ್ಚು ಪಟ್ಟವನಿಗೆ ಒಂದೇ ದಿನ ದಾರಿಪೂರ್ತಿ ನಾನೇ ಸಿಕ್ಕಿದೆ. ಮೊದಲು ಸಂತೋಷವೇ ಆಯಿತು. ಆದರೆ ಆ ಕಲ್ಲುಗಳನ್ನು ಸರಿಯಾಗಿ ನೋಡಿದಾಗ, ಎಲ್ಲಿಗಾದರೂ ಇಳಿದು ಓಡಿಹೋಗಬೇಕು ಅನ್ನಿಸಿತು.

ಅವೆಲ್ಲ ಒದ್ದೆಯಾಗಿದ್ದವು. ಸುತ್ತ ನೆಲ ಒಣಗಿ ಬಿರುಕು ಬಿಟ್ಟಿತ್ತು, ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಕಲ್ಲುಗಳ ಕಣ್ಣಿನಿಂದ ಮಾತ್ರ ನೀರು ಇಳಿದು ಮೂಗಿನ ಪಕ್ಕದಲ್ಲಿ ಗೆರೆಯಾಗಿತ್ತು. ಎಮ್ಮೆಯ ಜಾಗದಿಂದ ಕೆರೆಯವರೆಗೆ ನಾನು ಕದ್ದು ಅತ್ತಿದ್ದನ್ನು ನನ್ನ ಮಗಳು ಒಂದು ಹನಿ ಬಿಡದೆ ನೋಡಿದ್ದಳು. ಈಗ ಅದನ್ನು ರಸ್ತೆಯ ಎರಡೂ ಬದಿಗೆ ನಿಲ್ಲಿಸಿ, ನನ್ನ ಅಮ್ಮನಿಗೂ ಹೆಂಡತಿಗೂ ತೋರಿಸಿ, ತಾನು ನಿದ್ದೆ ಮಾಡುತ್ತಿದ್ದಳು.

"ಈ ಕಡೆ ಮಳೆ ಬಂದಿತ್ತೇನೋ," ಎಂದಳು ಅಮ್ಮ.

"ಇರಬೇಕು," ಎಂದೆ.

ಸುಗುಣ ಹಿಂದಿನಿಂದ ಕೈ ಚಾಚಿ ನನ್ನ ಭುಜದ ಮೇಲಿಟ್ಟಳು. ನಾನು ಕಣ್ಣೀರು ಒರೆಸಿಕೊಂಡ ಜಾಗದಲ್ಲೇ. ಅವಳು ಕೈ ತೆಗೆಯಲಿಲ್ಲ.

ಮುಂದೆ ಎಮ್ಮೆಯ ಜಾಗ ಬಂತು. ಅಲ್ಲಿ ಒಂದೇ ಒಂದು ಕಲ್ಲು, ಮನೆಯಷ್ಟು ಎತ್ತರ. ಅದರ ಹುಬ್ಬು ಬೋಳುತಲೆಯ ನೆತ್ತಿಗೆ ಹೋಗಿತ್ತು, ಕಣ್ಣು ಅಷ್ಟಗಲ ತೆರೆದಿತ್ತು. ಅಷ್ಟು ಹೆದರಿದ ಮನುಷ್ಯನನ್ನು ನಾನು ನೋಡಿರಲಿಲ್ಲ. ಇಬ್ಬನಿ ಅದನ್ನು ನೋಡಿಯೂ ನಕ್ಕಿದ್ದಳು. ಅಪ್ಪ ಇದ್ದಾನೆ, ಆಟ ಆಡಿಸುತ್ತಿದ್ದಾನೆ ಎಂದುಕೊಂಡು ನಕ್ಕಿದ್ದಳು. ಆ ನಂಬಿಕೆಗೆ ನಾನು ತಕ್ಕವನಲ್ಲ ಎಂದು ಆ ಕಲ್ಲಿನ ನೆರಳಿನಲ್ಲಿ ಹಾದುಹೋಗುವಾಗ ನನಗೆ ಚೆನ್ನಾಗಿ ಗೊತ್ತಾಯಿತು. ಆ ಜಾಗದಲ್ಲಿ ನಡೆದುಹೋಗುವಷ್ಟು ನಿಧಾನಕ್ಕೆ ಗಾಡಿ ಬಿಟ್ಟೆ.

ಅದನ್ನು ದಾಟಿದ ಮೇಲೆ ಕಲ್ಲುಗಳು ಒಣಗಿದ್ದವು. ಕಣ್ಣು ಮುಚ್ಚಿದ ಕಲ್ಲು, ಕಣ್ಣು ತೆರೆದ ಕಲ್ಲು, ಹುಬ್ಬು ಕುಣಿಸುವ ಕಲ್ಲು. ಅಮ್ಮ ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ಆಮೇಲೆ ತಡೆಯಲಾಗದೆ ನಕ್ಕಳು. ಸುಗುಣ ನಗುವಾಗ ನನ್ನ ಭುಜದ ಮೇಲಿದ್ದ ಕೈ ಕುಲುಕುತ್ತಿತ್ತು. ಇಡೀ ದಾರಿಯಲ್ಲಿ ನಾನು ಒಮ್ಮೆಯೂ ಕನ್ನಡಿ ನೋಡಲಿಲ್ಲ. ಆಟ ಆಡಿಸುವುದನ್ನು ಗಾಡಿ ನಿಲ್ಲಿಸಿದ ಮೇಲೆ ಇಟ್ಟುಕೊಳ್ಳುವುದೆಂದು ಅವತ್ತಿನಿಂದ ಮಾಡಿಕೊಂಡಿದ್ದೇನೆ.

ಮೊಗ ತಿರುಗಿಸುವುದು ಯಾವಾಗ ಮೇಷ್ಟ್ರೇ ಎಂದು ಈಗಲೂ ಯಾರಾದರೂ ಕೇಳುತ್ತಾರೆ. ಸೀಟಿನ ಪಕ್ಕದ ಚೀಟಿ ನೋಡಿ, ಇಲ್ಲವೇ ಸುಗುಣಳನ್ನು ಕೇಳಿ ಎನ್ನುತ್ತೇನೆ. ಶಾಲೆಯ ಗೋಡೆಯ ಮೇಲಿನ ಖಾಲಿ ನಕ್ಷೆಯಲ್ಲಿ, ಹುಣಸೆ ತೋಪು ಇರಬಹುದಾದ ಜಾಗದಲ್ಲಿ, ಒಂದು ಸಣ್ಣ ಮೈಲಿಗಲ್ಲು ಬರೆದಿದ್ದೇನೆ. ಅದರ ಒಂದು ಹುಬ್ಬು ಮೇಲೆ ಹೋಗಿದೆ. ಹುಡುಗರು ಅದು ಏನೆಂದು ಕೇಳಿದರೆ, ಮನೆಗೆ ಬರುವ ದಾರಿ ಎಂದು ಹೇಳುತ್ತೇನೆ.